ಕಾಯಿಲೆ ಬೀಳದ ಕೂಸುಗಳು

ಐವತ್ತು ವರ್ಷಗಳ ಹಿಂದಿನವರೆಗೂ ವಾಂತಿಭೇದಿಯಾಗಿ ಆಸ್ಪತ್ರೆ ಸೇರುತ್ತಿದ್ದ ಎಳೆಯ ಮಕ್ಕಳಲ್ಲಿ ಹೆಚ್ಚಿನವರ ಕಾಯಿಲೆಗೆ ಕಾರಣವೇನೆಂದು ವೈದ್ಯರಿಗೆ ಗೊತ್ತಿರಲಿಲ್ಲ. ಮಲವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಕಾಲರಾದ್ದೋ ರಕ್ತಭೇದಿಯದ್ದೋ ಬ್ಯಾಕ್ಟೀರಿಯಾ ಅದರಲ್ಲಿದ್ದರೆ ಒಂದೆರಡು ದಿನದಲ್ಲಿ ಗಾಜಿನ ತಟ್ಟೆಯ ಮೇಲೆ ಬೆಳೆದು ಕಾಣುತ್ತಿತ್ತು. ಬಹುಪಾಲು ತಟ್ಟೆಗಳಲ್ಲಿ ಅಂಥದ್ದೇನೂ ಬೆಳೆಯುತ್ತಿರಲಿಲ್ಲ. ಹಲ್ಲು ಬರುವಾಗಿನ ಭೇದಿ, ದೃಷ್ಟಿ ತಾಗಿದೆ, ತಾಯಿ ಪಥ್ಯ ತಪ್ಪಿದ್ದಾಳೆ ಎಂದು ನಮ್ಮ ಮನೆಗಳ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ತಳ್ಳಿಹಾಕಲು ವೈದ್ಯರ ಕೈಯಲ್ಲಿಯೂ ಬೇರೆ ಉತ್ತರ ಇರಲಿಲ್ಲ. ಉತ್ತರ ಸಿಗದ ಈ ಕಾಯಿಲೆ ಪ್ರತಿವರ್ಷ ಜಗತ್ತಿನ ಲಕ್ಷಾಂತರ ಮಕ್ಕಳನ್ನು ಎರಡನೆಯ ಹುಟ್ಟುಹಬ್ಬಕ್ಕೂ ಮುನ್ನ ಮಣ್ಣು ಮಾಡುತ್ತಿತ್ತು.

ಬ್ಯಾಕ್ಟೀರಿಯಾಕ್ಕಿಂತ ಸಣ್ಣದಾದ ಏನೋ ಒಂದು ಇದರ ಹಿಂದಿದೆ ಎಂಬ ಗುಮಾನಿ ಮಾತ್ರ ಹಳೆಯದು. 1940ರ ದಶಕದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್‌ನ ಹಸುಗೂಸುಗಳ ವಾರ್ಡುಗಳಲ್ಲಿ ಭೇದಿ ಹರಡಿತು. ಹೊರೇಸ್ ಹೋಡ್ಸ್ ಮತ್ತು ಜೇಕಬ್ ಲೈಟ್ ಎಂಬ ವೈದ್ಯರು ಆ ಮಕ್ಕಳ ಮಲವನ್ನು ಬ್ಯಾಕ್ಟೀರಿಯಾ ದಾಟಲಾಗದಷ್ಟು ಸೂಕ್ಷ್ಮವಾದ ಜರಡಿಯಲ್ಲಿ ಸೋಸಿ, ಸೋಸಿದ ನೀರನ್ನು ಕರುಗಳಿಗೆ ಕೊಟ್ಟರು. ಕರುಗಳಿಗೂ ಭೇದಿಯಾಯಿತು. 1943ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ಆ ನೀರಿನಲ್ಲಿ ಇದ್ದದ್ದು ಏನು ಎಂದು ತೋರಿಸುವ ಸಾಧನ ಅವರ ಬಳಿ ಇರಲಿಲ್ಲ. ಹೋಡ್ಸ್ ಆ ಮಾದರಿಯನ್ನು ಎಸೆಯಲಿಲ್ಲ, ಒಣಗಿಸಿ ಜೋಪಾನವಾಗಿ ಎತ್ತಿಟ್ಟರು. ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅದನ್ನು ಹೊರತೆಗೆದು ನೋಡಿದಾಗ, ಅಷ್ಟರಲ್ಲಿ ಬೇರೆಯವರು ಕಂಡುಹಿಡಿದು ಹೆಸರಿಟ್ಟಿದ್ದ ವೈರಾಣು ಅದರಲ್ಲಿಯೂ ಇತ್ತು.

ಮನುಷ್ಯರಿಗೆ ವಾಂತಿಭೇದಿ ತರುವ ವೈರಾಣುವೊಂದನ್ನು ಮನುಷ್ಯನ ಕಣ್ಣು ಮೊದಲು ಕಂಡದ್ದು 1972ರಲ್ಲಿ. ಅದರ ಕಥೆ 1968ರ ಅಕ್ಟೋಬರ್‌ನಲ್ಲಿ, ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಶುರುವಾಯಿತು. ಎರಡು ದಿನಗಳ ಅವಧಿಯಲ್ಲಿ ಅಲ್ಲಿನ ಮಕ್ಕಳು ಮತ್ತು ಶಿಕ್ಷಕರಲ್ಲಿ ಅರ್ಧದಷ್ಟು ಮಂದಿ ಓಕರಿಕೆ, ವಾಂತಿ, ಹೊಟ್ಟೆನುಲಿತದಿಂದ ಮಲಗಿದರು. ಅವರಿಂದ ಮನೆಮಂದಿಗೂ ಅಂಟಿತು. ಯಾರೂ ಸಾಯಲಿಲ್ಲ, ಒಂದೆರಡು ದಿನದಲ್ಲಿ ಎಲ್ಲರೂ ಎದ್ದು ಓಡಾಡಿದರು. ಅಲ್ಲಿಂದ ತಂದಿಟ್ಟ ಮಾದರಿಯ ಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಲ್ಬರ್ಟ್ ಕಪಿಕಿಯನ್ ಒಂದು ಉಪಾಯ ಹೂಡಿದರು. ಆ ಕಾಯಿಲೆಯಿಂದ ಚೇತರಿಸಿಕೊಂಡವರ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳು ಇರಲೇಬೇಕು. ಅವನ್ನು ಸೋಸಿದ ಮಲಕ್ಕೆ ಬೆರೆಸಿದರೆ ಚದುರಿಹೋದ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂಟಿ ಕಣ ಕಸದ ಚೂರಿನಂತೆ ಕಂಡೀತು, ಗುಂಪು ಹಾಗಲ್ಲ. ಎಣಿಕೆ ನಿಜವಾಯಿತು. ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ 27 ಭಾಗದಷ್ಟು ಅಗಲದ ದುಂಡು ಕಣಗಳು ಒತ್ತೊತ್ತಾಗಿ ಕುಳಿತಿದ್ದವು. ಇಂದು ನಾವು ನೋರೊವೈರಸ್ ಎನ್ನುವುದು ಅದನ್ನೇ. ಮದುವೆ ಊಟ, ಹಾಸ್ಟೆಲು, ಪ್ರವಾಸಿ ಹಡಗು, ಎಲ್ಲಿ ಜನ ಒಟ್ಟಿಗೆ ಉಣ್ಣುತ್ತಾರೋ ಅಲ್ಲೆಲ್ಲ ದೊಡ್ಡವರನ್ನೂ ಚಿಕ್ಕವರನ್ನೂ ಒಂದೇ ರಾತ್ರಿಯಲ್ಲಿ ಮಲಗಿಸುವ ವೈರಾಣು.

ಆದರೆ ಕೂಸುಗಳನ್ನು ಕೊಲ್ಲುತ್ತಿದ್ದದ್ದು ಮುಖ್ಯವಾಗಿ ಬೇರೊಂದು. ಅದು ಸಿಕ್ಕಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ.

ರೂತ್ ಬಿಷಪ್ ಅಲ್ಲಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯ ಸೂಕ್ಷ್ಮಜೀವಿ ವಿಜ್ಞಾನಿ. ಮಕ್ಕಳ ಭೇದಿಯ ಕಾರಣ ಹುಡುಕಿದವರೆಲ್ಲ ಅದುವರೆಗೆ ಮಲವನ್ನೇ ಜಾಲಾಡಿದ್ದರು. ಬಿಷಪ್ ಮತ್ತು ಸಂಗಡಿಗರು ಕಾಯಿಲೆಯಾದ ಜಾಗಕ್ಕೇ ಕೈಹಾಕಿದರು. ವಾಂತಿಭೇದಿಯಿಂದ ಬಳಲುತ್ತಿದ್ದ ಒಂಬತ್ತು ಮಕ್ಕಳ ಸಣ್ಣ ಕರುಳಿನ ಮೇಲ್ಭಾಗದಿಂದ ಚೂರು ಅಂಗಾಂಶ ತೆಗೆದು, ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಇಯಾನ್ ಹೋಮ್ಸ್ ಅವರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. ಒಂಬತ್ತರಲ್ಲಿ ಆರು ಮಕ್ಕಳ ಕರುಳಿನ ಒಳಪದರದ ಕೋಶಗಳ ತುಂಬ ವೈರಾಣು ಕಣಗಳು. ಕಾಯಿಲೆ ವಾಸಿಯಾದ ಮೇಲೆ ಕೆಲವು ಮಕ್ಕಳ ಕರುಳನ್ನು ಮತ್ತೆ ನೋಡಿದರು, ಒಂದು ಕಣವೂ ಇರಲಿಲ್ಲ. 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸ್ವಲ್ಪ ದಿನಗಳಲ್ಲೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಥಾಮಸ್ ಫ್ಲೂಯೆಟ್ ಅದೇ ವೈರಾಣುವನ್ನು ನೇರವಾಗಿ ಮಲದಲ್ಲೇ ಕಂಡರು. ಕರುಳಿನ ಚೂರು ತೆಗೆಯಬೇಕಾದ ಕಷ್ಟ ಅಲ್ಲಿಗೆ ತಪ್ಪಿತು. ಕಣ ಗಾಲಿಯಂತೆ ಕಂಡದ್ದರಿಂದ ರೋಟಾವೈರಸ್ ಎಂದು ಹೆಸರಿಟ್ಟವರೂ ಅವರೇ.

ಈ ಸುದ್ದಿ ನಮ್ಮ ದೇಶ ಮುಟ್ಟಲು ವರ್ಷಗಳು ಹಿಡಿಯಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿತ್ತು, ಅದರ ಮುಂದೆ ಕೂರುವ ಮಿನ್ನಿ ಮಥಾನ್ ಇದ್ದರು. ಮೆಲ್ಬರ್ನ್‌ನ ಹೋಮ್ಸ್ ಮತ್ತು ವೆಲ್ಲೂರಿನ ತಂಡ ಸೇರಿ 1974ರಲ್ಲೇ ಲ್ಯಾನ್ಸೆಟ್‌ನಲ್ಲಿ ಬರೆದರು: ಇದೇ ವೈರಾಣು ದಕ್ಷಿಣ ಭಾರತದ ಮಕ್ಕಳಲ್ಲಿಯೂ ಇದೆ. ಆ ಬರಹಕ್ಕೆ ಸಹಿ ಹಾಕಿದವರಲ್ಲಿ ಮಕ್ಕಳ ವೈದ್ಯ ಪಿ. ಪಿ. ಮಯ್ಯ ಒಬ್ಬರು. ಈ ಹೆಸರು ಮುಂದೆ ಬೆಂಗಳೂರಿನ ಅಧ್ಯಾಯದಲ್ಲಿ ಮತ್ತೆ ಬರುತ್ತದೆ.

ಮೆಲ್ಬರ್ನ್ ಶ್ರೀಮಂತ ನಗರ. ಅಲ್ಲಿ ನಲ್ಲಿ ನೀರು ಶುದ್ಧ, ಚರಂಡಿ ನೆಲದಡಿ. ಆದರೂ ಅಲ್ಲಿನ ಮಕ್ಕಳ ವಾರ್ಡು ತುಂಬಿದ್ದು ವೆಲ್ಲೂರಿನ ವಾರ್ಡು ತುಂಬಿದ್ದ ಅದೇ ಕಾಯಿಲೆಯಿಂದ. ಲಸಿಕೆ ಬರುವ ಮುಂಚೆ ಜಗತ್ತಿನ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಐದು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ರೋಟಾವೈರಸ್ ತಗಲುತ್ತಿತ್ತು. ಸೋಂಕು ಹತ್ತಿದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಕಣಗಳಿರುತ್ತವೆ, ಇನ್ನೊಂದು ಮಗುವಿಗೆ ಹತ್ತಲು ನೂರು ಕಣ ಕೂಡ ಬೇಡ. ಕೈ, ಆಟಿಕೆ, ಬಾಗಿಲ ಚಿಲಕ, ಎಲ್ಲದರ ಮೇಲೂ ಅದು ದಿನಗಟ್ಟಲೆ ಉಳಿಯುತ್ತದೆ. ಶುದ್ಧ ನೀರು, ಶೌಚಾಲಯ ಬೇಕೇ ಬೇಕು, ಕಾಲರಾ ಟೈಫಾಯ್ಡ್‌ಗಳನ್ನು ತಡೆದದ್ದು ಅವೇ. ಈ ವೈರಾಣುವನ್ನು ಮಾತ್ರ ಅವುಗಳಿಂದಲೇ ನಿಲ್ಲಿಸಲಾಗದು. ಸೋಂಕು ಎಲ್ಲ ಕಡೆ ಒಂದೇ, ಸಾವು ಒಂದೇ ಆಗಿರಲಿಲ್ಲ. ಲಸಿಕೆಗೆ ಮುಂಚೆ ಅಮೆರಿಕದಲ್ಲಿ ವರ್ಷಕ್ಕೆ ಇದರಿಂದ ಸಾಯುತ್ತಿದ್ದ ಮಕ್ಕಳು 20ರಿಂದ 60. ಭಾರತದಲ್ಲಿ ಈ ಶತಮಾನದ ಆರಂಭದ ಅಂದಾಜು ಒಂದು ಲಕ್ಷವನ್ನು ಮೀರಿತ್ತು.

ಸಾವಿನ ದಾರಿ ಯಾವುದು? ಸಣ್ಣ ಕರುಳಿನ ಒಳಗೋಡೆಯ ಮೇಲೆ ಬೆರಳಿನಾಕಾರದ ಲಕ್ಷಾಂತರ ಸೂಕ್ಷ್ಮ ಚಾಚುಗಳಿವೆ. ಉಂಡದ್ದನ್ನು, ಕುಡಿದದ್ದನ್ನು ರಕ್ತಕ್ಕೆ ಎಳೆದುಕೊಳ್ಳುವವು ಅವು. ರೋಟಾವೈರಸ್ ಆ ಚಾಚುಗಳ ತುದಿಯ ಬಲಿತ ಕೋಶಗಳನ್ನೇ ಹುಡುಕಿ ಹೊಕ್ಕು, ಒಳಗೆ ಮರಿ ಮಾಡಿ, ಕೋಶವನ್ನು ಒಡೆದು ಹೊರಬರುತ್ತದೆ. ತುದಿಗಳು ಸವೆದು ಮೊಂಡಾಗುತ್ತವೆ, ನೀರು ಹೀರುವ ಕೆಲಸ ಕೆಡುತ್ತದೆ, ಹಾಲಿನ ಸಕ್ಕರೆ ಜೀರ್ಣವಾಗದೆ ಕರುಳಿನಲ್ಲೇ ಉಳಿದು ಇನ್ನಷ್ಟು ನೀರನ್ನು ಸೆಳೆಯುತ್ತದೆ. ಇದರ ಮೇಲೆ, ವೈರಾಣು ತಯಾರಿಸುವ ಎನ್‌ಎಸ್‌ಪಿ4 ಎಂಬ ಪ್ರೋಟೀನು ತಾನೇ ವಿಷವಾಗಿ ವರ್ತಿಸಿ ನೀರನ್ನು ಹೊರಗೆ ದಬ್ಬುತ್ತದೆ ಎಂಬುದನ್ನು ಮೇರಿ ಎಸ್ಟಿಸ್ ಅವರ ತಂಡ 1996ರಲ್ಲಿ ತೋರಿಸಿತು. ಸೋಂಕು ತಗಲಿ ಸುಮಾರು ಎರಡು ದಿನಕ್ಕೆ ಮೊದಲು ವಾಂತಿ, ಜೊತೆಗೆ ಜ್ವರ, ಆಮೇಲೆ ನೀರಿನಂಥ ಭೇದಿ. ರಕ್ತ ಇರುವುದಿಲ್ಲ. ಮೂರರಿಂದ ಎಂಟು ದಿನ ನಡೆಯುತ್ತದೆ. ಮೈಯ ನೀರು ಬತ್ತುತ್ತಿರುವ ಗುರುತುಗಳು ಇವು: ಕಣ್ಣು ಗುಳಿಬೀಳುವುದು, ನೆತ್ತಿ ತಗ್ಗುವುದು, ಅತ್ತರೂ ಕಣ್ಣೀರು ಬಾರದಿರುವುದು, ಉಚ್ಚೆ ಕಡಿಮೆಯಾಗುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ನಿಲ್ಲುವುದು, ಕೊನೆಗೆ ಮಗು ಹಾಲನ್ನೂ ಬಯಸದೆ ಮಂಕಾಗುವುದು. ಹತ್ತು ಕಿಲೋ ತೂಕದ ಮಗುವಿನ ಮೈಯಿಂದ ಒಂದು ಲೀಟರ್ ನೀರು ಹೋದರೆ ಜೀವಕ್ಕೆ ಅಪಾಯ. ವೈರಾಣು ತಾನಾಗಿ ಕರುಳನ್ನು ಬಿಟ್ಟು ಹೋಗುತ್ತದೆ, ಹೊಸ ಕೋಶಗಳು ಹುಟ್ಟುತ್ತವೆ. ಆ ಕೆಲವು ದಿನ ಮಗುವಿನ ಮೈಯಲ್ಲಿ ನೀರು ಉಳಿಯಬೇಕು, ಅಷ್ಟೇ.

ಆ ನೀರನ್ನು ಉಳಿಸುವ ವಿದ್ಯೆ ಬೇರೊಂದು ಕಾಯಿಲೆಯ ಕಡೆಯಿಂದ ಬಂತು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಪ್ರಾಗ್‌ನ ಸಭೆಯಲ್ಲಿ ಒಂದು ವಿಚಾರ ಮಂಡಿಸಿದರು: ಕರುಳಿನ ಕೋಶ ಗ್ಲೂಕೋಸನ್ನು ಒಳಗೆ ಎಳೆಯುವಾಗ ಅದರ ಕೈಹಿಡಿದು ಸೋಡಿಯಂ ಕೂಡ ಒಳಗೆ ಬರುತ್ತದೆ. ಉಪ್ಪು ಬಂದಲ್ಲಿಗೆ ನೀರು ಬರುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ತೆರೆದೇ ಇರುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿ, ರಕ್ತನಾಳಕ್ಕೆ ಹಾಕುವ ಸಲೈನಿನ ಬಹುಭಾಗ ಉಳಿಯುವುದನ್ನು ತೋರಿಸಿದರು. ಆಸ್ಪತ್ರೆಯೊಳಗಿನ ಆ ಪ್ರಯೋಗ ಬಯಲಿಗೆ ಬಂದದ್ದು 1971ರ ಯುದ್ಧದಲ್ಲಿ.

ಪೂರ್ವ ಪಾಕಿಸ್ತಾನದಿಂದ ಲಕ್ಷಗಟ್ಟಲೆ ಜನ ಗಡಿ ದಾಟಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಿಳಿದರು. ಶಿಬಿರಗಳಲ್ಲಿ ಕಾಲರಾ ಎದ್ದಿತು. ಕೋಲ್ಕತ್ತದಿಂದ ಅಲ್ಲಿಗೆ ಹೋದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಕಂಡದ್ದು ನೆಲದ ತುಂಬ ಮಲಗಿದ್ದ ರೋಗಿಗಳನ್ನು, ಮುಗಿಯುತ್ತ ಬಂದ ಸಲೈನ್ ಬಾಟಲಿಗಳನ್ನು. ಅವರು ಕಾಯಲಿಲ್ಲ. ಲೀಟರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ, ಇದಿಷ್ಟನ್ನು ಕೋಲ್ಕತ್ತದಲ್ಲಿ ತೂಗಿ ಪೊಟ್ಟಣ ಕಟ್ಟಿಸಿದರು. ಶಿಬಿರದಲ್ಲಿ ಡ್ರಮ್ಮುಗಳ ನೀರಿಗೆ ಬೆರೆಸಿ, ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೂ ಬಂಧುಗಳಿಗೂ ಒಪ್ಪಿಸಿದರು. ದಾದಿಯರಿಲ್ಲದ ಕಡೆ ತಾಯಿಯೇ ದಾದಿಯಾದಳು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು ಅವರ ಉಸ್ತುವಾರಿಯ ರೋಗಿಗಳಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. ಆಗಿನ ದೊಡ್ಡ ಆಸ್ಪತ್ರೆಗಳ ಅನೇಕ ವೈದ್ಯರಿಗೆ ಇದು ನಂಬುವ ಮಾತಾಗಿರಲಿಲ್ಲ. ಸೂಜಿಯಿಲ್ಲದೆ, ಓದುಬರಹ ಬಾರದ ತಾಯಿಯ ಕೈಯಲ್ಲಿ ಚಿಕಿತ್ಸೆ ನಡೆಯುವುದೆಂದರೇನು ಎಂಬ ಅನುಮಾನ. ಬನಗಾಂವ್ ಉತ್ತರ ಕೊಟ್ಟಿತು. 1978ರಲ್ಲಿ ಲ್ಯಾನ್ಸೆಟ್ ತನ್ನ ಸಂಪಾದಕೀಯದಲ್ಲಿ ಕ್ರೇನ್ ಕಂಡ ಆ ಜೋಡಿ ಸಾಗಣೆಯನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಲ್ಲದ್ದು ಎಂದು ಬರೆಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ದೇಶ ಅವರಿಗೆ ಪದ್ಮವಿಭೂಷಣ ಘೋಷಿಸಿದ್ದು ಮರುವರ್ಷ. ಬದುಕಿದ್ದಾಗ ಕೊಡಬೇಕಿದ್ದ ಗೌರವ ಅದು.

ಕಾಲರಾದಲ್ಲಿ ಕರುಳಿನ ಕೋಶಗಳು ಒಡೆಯುವುದಿಲ್ಲ, ರೋಟಾವೈರಸ್‌ನಲ್ಲಿ ಒಡೆಯುತ್ತವೆ. ಹಾಗಾದರೆ ಉಪ್ಪು-ಸಕ್ಕರೆ ನೀರು ಇಲ್ಲಿಯೂ ಇಂಗೀತೇ? ಈ ಸಂದೇಹ ನ್ಯಾಯವಾದದ್ದೇ. 1978ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನವೊಂದು ಅದನ್ನು ಬಗೆಹರಿಸಿತು. ಕರುಳಿನ ಎಲ್ಲ ಕೋಶಗಳೂ ಒಮ್ಮೆಗೇ ಸಾಯುವುದಿಲ್ಲ, ಉಳಿದವು ಸಾಕಷ್ಟು ನೀರನ್ನು ಎಳೆದುಕೊಳ್ಳುತ್ತವೆ. ಅಲ್ಲಿಂದಾಚೆಗೆ ಭೇದಿಯ ಕಾರಣ ಯಾವುದೇ ಇರಲಿ, ಮೊದಲ ಮದ್ದು ಈ ಉಪ್ಪು-ಸಕ್ಕರೆ ನೀರು, ಅಂದರೆ ಓಆರ್‌ಎಸ್, ಎಂಬುದು ನಿಶ್ಚಯವಾಯಿತು. 2004ರಲ್ಲಿ ಅದಕ್ಕೆ ಸತುವಿನ ಮಾತ್ರೆ ಸೇರಿತು.

ಇಷ್ಟಾದರೂ ಮಕ್ಕಳು ಸಾಯುವುದು ನಿಲ್ಲಲಿಲ್ಲ. ಒಂದೇ ಸಮನೆ ವಾಂತಿ ಮಾಡುವ ಕೂಸಿಗೆ ಚಮಚದಲ್ಲಿ ನೀರು ಕುಡಿಸುತ್ತ ರಾತ್ರಿಯಿಡೀ ಕೂರುವುದು ಸುಲಭವಲ್ಲ, ಆಸ್ಪತ್ರೆ ದೂರವಿದ್ದರೆ ಇನ್ನೂ ಕಷ್ಟ. ಕಾಯಿಲೆ ಬರದಂತೆಯೇ ತಡೆಯಬೇಕಿತ್ತು. ಅದರ ಸುಳಿವು ಸಿಕ್ಕಿದ್ದು ಕಾಯಿಲೆಯಾದ ಮಕ್ಕಳಲ್ಲಲ್ಲ.

ಮೆಲ್ಬರ್ನ್‌ನ ಹೆರಿಗೆ ವಾರ್ಡುಗಳಲ್ಲಿ ರೂತ್ ಬಿಷಪ್ ಒಂದು ವಿಚಿತ್ರ ಕಂಡಿದ್ದರು. ಅನೇಕ ನವಜಾತ ಶಿಶುಗಳ ಮಲದಲ್ಲಿ ರೋಟಾವೈರಸ್ ಇತ್ತು, ಆ ಶಿಶುಗಳಿಗೆ ಭೇದಿ ಇರಲಿಲ್ಲ. ಅವರನ್ನು ಮೂರು ವರ್ಷ ಹಿಂಬಾಲಿಸಿ ನೋಡಿದರು. ಆ ಮಕ್ಕಳಿಗೆ ಮತ್ತೆ ಸೋಂಕು ತಗಲಿತು, ಆದರೆ ತೀವ್ರ ಕಾಯಿಲೆಯಾಗಲಿಲ್ಲ. 1983ರಲ್ಲಿ ಇದು ಪ್ರಕಟವಾಯಿತು. ಎರಡು ಮೂರು ವರ್ಷದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಶಿಶು ವಾರ್ಡಿನಲ್ಲಿ ಮಹಾರಾಜ್ ಕಿಶನ್ ಭಾನ್ ಅವರೂ ಇಂಥದ್ದೇ ಕಂಡರು. ವಾರ್ಡಿನ ತುಂಬ ಸೋಂಕು ಹಬ್ಬಿದೆ, ಕೂಸುಗಳು ಮಾತ್ರ ಆರಾಮವಾಗಿ ಹಾಲು ಕುಡಿದು ಮಲಗುತ್ತಿವೆ. ಕೈತುಂಬ ರೋಗಿಗಳಿರುವ ವೈದ್ಯ ಆರೋಗ್ಯವಾಗಿರುವ ಮಗುವಿನ ಮಲ ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ಭಾನ್ ಹೋದರು. ಆ ವೈರಾಣು ತಳಿಗೆ 116ಇ ಎಂದು ಗುರುತು ಬಿತ್ತು. ಹುಟ್ಟಿದ ಹೊಸತರಲ್ಲಿ ಅದು ತಗಲಿದ ಮಕ್ಕಳಿಗೆ ಮುಂದೆ ರೋಟಾವೈರಸ್ ಭೇದಿ ಸುಮಾರು ಅರ್ಧಕ್ಕೆ ಇಳಿದಿತ್ತು.

ಬೆಂಗಳೂರಿನ ಅಧ್ಯಾಯ ಇದೇ ಹೊತ್ತಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ರೋಟಾವೈರಸ್‌ನ ಜೀನ್‌ಗಳ ಬೆನ್ನು ಹತ್ತಿದ್ದರು. ಪತ್ತೆಯ ವಿಧಾನಗಳೂ ಆಗ ಬದಲಾಗುತ್ತಿದ್ದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದದ್ದು ಬೆರಳೆಣಿಕೆಯ ಕಡೆ. 1970ರ ದಶಕದ ಕೊನೆಗೆ ಎಲೈಸಾ ಪರೀಕ್ಷೆ ಬಂದು, ತಟ್ಟೆಯ ಗುಳಿಯಲ್ಲಿ ಬಣ್ಣ ಬದಲಾಗುವುದನ್ನು ನೋಡಿಯೇ ವೈರಾಣು ಇದೆಯೆಂದು ಹೇಳುವಂತಾಯಿತು. ಇನ್ನೊಂದು ವಿಧಾನ ರೋಟಾವೈರಸ್‌ಗೆ ಹೇಳಿ ಮಾಡಿಸಿದಂತಿತ್ತು. ಅದರ ಆರ್‌ಎನ್‌ಎ ಒಂದೇ ಎಳೆಯಾಗಿಲ್ಲ, ಹನ್ನೊಂದು ತುಂಡುಗಳಾಗಿದೆ. ಆ ತುಂಡುಗಳನ್ನು ಜೆಲ್ ಒಂದರ ಮೇಲಿಟ್ಟು ವಿದ್ಯುತ್ ಹಾಯಿಸಿದರೆ ದೊಡ್ಡವು ಹಿಂದೆ, ಸಣ್ಣವು ಮುಂದೆ ಸಾಗಿ ಏಣಿಯ ಮೆಟ್ಟಿಲಿನಂತೆ ಸಾಲಾಗಿ ನಿಲ್ಲುತ್ತವೆ. ಬೆಳ್ಳಿಯ ಬಣ್ಣ ಹಾಕಿದರೆ ಬರಿಗಣ್ಣಿಗೆ ಕಾಣುತ್ತವೆ. ಮೆಟ್ಟಿಲುಗಳ ಅಂತರ ನೋಡಿ ಈ ಮಗುವಿನ ವೈರಾಣು ಆ ಮಗುವಿನದ್ದೇ ತಳಿಯದೋ ಬೇರೆಯೋ ಎಂದು ತಿಳಿಯಬಹುದು. ಇಂದಿನ ಪಿಸಿಆರ್ ಯಂತ್ರ ಇದಕ್ಕಿಂತ ಎಷ್ಟೋ ನಿಖರ, ಆದರೆ ಆ ಕಾಲದಲ್ಲಿ ದುಬಾರಿ ಸಾಧನವಿಲ್ಲದೆ ಒಂದು ಪ್ರಯೋಗಾಲಯ ನೂರಾರು ಮಾದರಿಗಳನ್ನು ಓದಿದ್ದು ಈ ಜೆಲ್‌ಗಳಲ್ಲೇ.

1988ರಿಂದ 1994ರವರೆಗೆ ದುರ್ಗಾ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ಭೇದಿ ಮಕ್ಕಳಲ್ಲಿದ್ದ ರೋಟಾವೈರಸ್ ತಳಿಗಳನ್ನು ಹೀಗೆ ವಿಂಗಡಿಸಿದರು. ಜೊತೆಗೆ, ಪಿ. ಪಿ. ಮಯ್ಯ ಅವರೂ ಸೇರಿದ ತಂಡ ಬೆಂಗಳೂರಿನ ನವಜಾತ ಶಿಶುಗಳನ್ನೂ ಪರೀಕ್ಷಿಸಿತು. ಇಲ್ಲಿಯೂ ದೆಹಲಿಯ ಕಥೆಯೇ. ಸೋಂಕಿದೆ, ಕಾಯಿಲೆಯಿಲ್ಲ. 1992ರಲ್ಲಿ ಪ್ರಕಟಿಸಿದಾಗ ಆ ತಳಿ ಐ321 ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯವಾಯಿತು. ಅದರ ಜೀನ್‌ಗಳನ್ನು ಬಿಡಿಸಿ ನೋಡಿದಾಗ ಇನ್ನೊಂದು ಅಚ್ಚರಿ. ಹನ್ನೊಂದು ತುಂಡುಗಳಲ್ಲಿ ಒಂಬತ್ತು ದನದ ರೋಟಾವೈರಸ್‌ನವು, ಎರಡು ಮಾತ್ರ ಮನುಷ್ಯನ ರೋಟಾವೈರಸ್‌ನವು. ಎಲ್ಲೋ, ಯಾವಾಗಲೋ ಎರಡು ವೈರಾಣುಗಳು ಒಂದೇ ಕರುಳಿನಲ್ಲಿ ಸೇರಿ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ದನವೂ ಮನುಷ್ಯರೂ ಒಂದೇ ಸೂರಿನಡಿ, ಒಂದೇ ಅಂಗಳದಲ್ಲಿ ಬಾಳುವ ನಾಡಿನಲ್ಲಿ ಇದು ಅಸಂಭವವೇನಲ್ಲ. ದೆಹಲಿಯ 116ಇ ತಳಿಯಲ್ಲಿಯೂ ದನದ ವೈರಾಣುವಿನ ಜೀನ್ ಒಂದು ಸೇರಿಕೊಂಡಿತ್ತು. ಲಸಿಕೆಗಾಗಿ ಅಮೆರಿಕದ ಪ್ರಯೋಗಾಲಯಗಳು ವರ್ಷಗಟ್ಟಲೆ ಕೂತು ಕೃತಕವಾಗಿ ಮಾಡುತ್ತಿದ್ದ ಬೆರಕೆಯನ್ನು ನಮ್ಮ ಹೆರಿಗೆ ವಾರ್ಡುಗಳಲ್ಲಿ ಪ್ರಕೃತಿ ತಾನೇ ಮಾಡಿಟ್ಟಿತ್ತು.

ಅಮೆರಿಕದ ಆ ಮೊದಲ ಲಸಿಕೆಯ ಗತಿ ಹೇಳಲೇಬೇಕು. ನಾರ್ವಾಕ್ ವೈರಾಣು ಕಂಡ ಕಪಿಕಿಯನ್ ಅವರೇ ಕೋತಿಯ ರೋಟಾವೈರಸ್‌ನಿಂದ ಅದನ್ನು ರೂಪಿಸಿದ್ದರು. ರೋಟಾಶೀಲ್ಡ್ ಎಂಬ ಹೆಸರಿನಲ್ಲಿ 1998ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತು. ಮರುವರ್ಷ ಜುಲೈ ಹೊತ್ತಿಗೆ ಲಸಿಕೆ ಪಡೆದ 15 ಶಿಶುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಕ್ಕಿಕೊಂಡ ವರದಿಗಳು ಬಂದವು. ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಈ ಅಪಾಯವಿದೆ ಎಂದು ಮುಂದೆ ಲೆಕ್ಕ ಸಿಕ್ಕಿತು. 1999ರ ಅಕ್ಟೋಬರ್‌ನಲ್ಲಿ ಲಸಿಕೆ ಮಾರುಕಟ್ಟೆಯಿಂದ ಹೊರಬಿತ್ತು. ವರ್ಷಕ್ಕೆ ಹತ್ತಾರು ಮಕ್ಕಳಷ್ಟೇ ಈ ಭೇದಿಯಿಂದ ಸಾಯುವ ದೇಶಕ್ಕೆ ಅದು ಸರಿಯಾದ ತೀರ್ಮಾನ. ಸಾವಿನ ಲೆಕ್ಕ ಲಕ್ಷದಲ್ಲಿದ್ದ ದೇಶಕ್ಕೆ ಅದೇ ತಕ್ಕಡಿ ಸಲ್ಲುವುದಿಲ್ಲ. ಇಲ್ಲಿ ಅದು ಉಳಿಸಬಹುದಾಗಿದ್ದ ಜೀವಗಳು ಅದು ಅಪಾಯಕ್ಕೆ ಒಡ್ಡಬಹುದಾಗಿದ್ದವಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಅಮೆರಿಕ ಬೇಡವೆಂದ ಲಸಿಕೆಯನ್ನು ಬಡ ದೇಶದ ಮಕ್ಕಳಿಗೆ ಹಾಕುತ್ತೀರಾ ಎಂಬ ಪ್ರಶ್ನೆಯ ಮುಂದೆ ಯಾವ ಸರ್ಕಾರವೂ ನಿಲ್ಲಲಾರದು. ಹೀಗೆ ವರ್ಷಗಳು ಹೋದವು. 60 ಸಾವಿರಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷೆಗೊಂಡ ರೋಟಾರಿಕ್ಸ್, ರೋಟಾಟೆಕ್ ಎಂಬ ಎರಡು ಹೊಸ ಲಸಿಕೆಗಳು ಈ ಶತಮಾನದ ಮೊದಲ ದಶಕದಲ್ಲಿ ಬಂದವು. ಅವುಗಳ ಬೆಲೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಎಟುಕುವಂತಿರಲಿಲ್ಲ.

ಭಾನ್ ಹಿಡಿದ ದಾರಿ ನಿಧಾನದ್ದು. 1987ರ ಭಾರತ-ಅಮೆರಿಕ ಲಸಿಕಾ ಒಪ್ಪಂದದ ಅಡಿಯಲ್ಲಿ ಅಮೆರಿಕದ ವಿಜ್ಞಾನಿಗಳಾದ ರೋಜರ್ ಗ್ಲಾಸ್, ಹ್ಯಾರಿ ಗ್ರೀನ್‌ಬರ್ಗ್ ಮೊದಲಾದವರು ಜೊತೆಯಾದರು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಕೆ ವಹಿಸಿಕೊಂಡಿತು. ಲಸಿಕೆಯ ಬೆಲೆ ಒಂದು ಡಾಲರಿನ ಆಸುಪಾಸಿನಲ್ಲೇ ಇರಬೇಕೆಂಬ ಗುರಿ ಇತ್ತು. ದೆಹಲಿಯ 116ಇ, ಬೆಂಗಳೂರಿನ ಐ321 ಎರಡೂ ತಳಿಗಳನ್ನು ಲಸಿಕೆಯಾಗಿ ಸಿದ್ಧಮಾಡಿ ದೆಹಲಿಯ ಶಿಶುಗಳಲ್ಲಿ ಪರೀಕ್ಷಿಸಿದರು. 2006ರಲ್ಲಿ ಫಲಿತಾಂಶ ಬಂತು. ಎರಡೂ ಸುರಕ್ಷಿತ. ಆದರೆ 116ಇ ಪಡೆದವರಲ್ಲಿ ನೂರಕ್ಕೆ 73 ಶಿಶುಗಳ ಮೈ ಪ್ರತಿಕಾಯ ತಯಾರಿಸಿತು, ಐ321 ಪಡೆದವರಲ್ಲಿ ನೂರಕ್ಕೆ 39 ಮಾತ್ರ. ಬೆಂಗಳೂರಿನ ತಳಿ ಅಲ್ಲಿಗೆ ನಿಂತಿತು. ಅದೇ ಬಗೆಯ ತಳಿ ವೆಲ್ಲೂರಿನ ನವಜಾತ ಶಿಶುಗಳಲ್ಲಿಯೂ ಓಡಾಡುತ್ತಿತ್ತು. ಅದು ತಗಲಿದ ಮಕ್ಕಳಿಗೆ ಮುಂದಿನ ಸೋಂಕಿನಿಂದ ರಕ್ಷಣೆ ಸಿಗಲಿಲ್ಲವೆಂದು ವೆಲ್ಲೂರಿನ ತಂಡ ಮರುವರ್ಷ ವರದಿ ಮಾಡಿತು. ಕಾಯಿಲೆ ಮಾಡದ ತಳಿಗಳೆಲ್ಲ ಕಾಪಾಡುವ ತಳಿಗಳಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಇದು ತಿಳಿಯುತ್ತಿರಲಿಲ್ಲ, ಹಾಗಾಗಿ ಐ321ರ ಹಿಂದಿನ ದುಡಿಮೆ ವ್ಯರ್ಥವಾಯಿತು ಎಂದು ನಾನು ಒಪ್ಪುವುದಿಲ್ಲ.

2011ರಲ್ಲಿ 116ಇ ಲಸಿಕೆಯ ದೊಡ್ಡ ಪರೀಕ್ಷೆ ಶುರುವಾಯಿತು. ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳು. ಮೂರರಲ್ಲಿ ಎರಡು ಭಾಗಕ್ಕೆ ಲಸಿಕೆ, ಒಂದು ಭಾಗಕ್ಕೆ ಹುಸಿ ಹನಿ. ಬೇರೆ ಲಸಿಕೆಗಳು ಇರುವಾಗ ಹುಸಿ ಹನಿ ಕೊಡುವುದು ನ್ಯಾಯವೇ ಎಂದು ಪ್ರಶ್ನಿಸಿದವರಿದ್ದರು, ಕೇಳಬೇಕಾದ ಪ್ರಶ್ನೆಯೇ ಅದು. ಪರೀಕ್ಷೆ ನಡೆಸಿದವರು ಎರಡೂ ಗುಂಪಿನ ಮಕ್ಕಳ ಮನೆಗಳನ್ನು ಎಡೆಬಿಡದೆ ಗಮನಿಸುತ್ತ, ಭೇದಿಯಾದ ಕೂಡಲೇ ಚಿಕಿತ್ಸೆ ಒದಗಿಸಿದರು. 2013ರ ಮೇ 14ರಂದು ದೆಹಲಿಯಲ್ಲಿ ಫಲಿತಾಂಶ ಹೊರಬಿತ್ತು. ಮೊದಲ ವರ್ಷದಲ್ಲಿ ತೀವ್ರ ರೋಟಾವೈರಸ್ ಭೇದಿ ಶೇ 56ರಷ್ಟು ಕಡಿಮೆಯಾಗಿತ್ತು, ಎರಡು ವರ್ಷಗಳಿಗೆ ಲೆಕ್ಕ ಹಾಕಿದರೆ ಶೇ 55ರಷ್ಟು.

ಅರ್ಧಕ್ಕಿಂತ ತುಸು ಹೆಚ್ಚು. ಅಮೆರಿಕ, ಯುರೋಪುಗಳಲ್ಲಿ ವಿದೇಶಿ ಲಸಿಕೆಗಳು ಶೇ 85ರ ಮೇಲೆ ಫಲ ಕೊಟ್ಟಿದ್ದನ್ನು ನೆನೆದು ಮೂಗು ಮುರಿದವರಿದ್ದರು. ಆದರೆ ಅವೇ ಲಸಿಕೆಗಳು ಆಫ್ರಿಕಾ, ಏಷ್ಯಾದ ಬಡ ದೇಶಗಳಿಗೆ ಬಂದಾಗ ಅವುಗಳ ಫಲವೂ ಇದೇ ಮಟ್ಟಕ್ಕೆ ಇಳಿದಿತ್ತು. ಕಾರಣದ ಒಂದು ಎಳೆಯನ್ನು ವೆಲ್ಲೂರಿನ ಗಗನ್‌ದೀಪ್ ಕಾಂಗ್ ಮತ್ತು ಸಂಗಡಿಗರು ಅಲ್ಲಿನ ಕೊಳೆಗೇರಿಗಳಲ್ಲಿ ಹುಡುಕಿದರು. ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷ ಹಿಂಬಾಲಿಸಿ, 2011ರಲ್ಲಿ ವರದಿ ಕೊಟ್ಟರು. ಹಿಂದಿನ ಅಧ್ಯಯನವೊಂದರಲ್ಲಿ ಮೆಕ್ಸಿಕೊದ ಮಕ್ಕಳಿಗೆ ಎರಡು ಸೋಂಕು ಆದ ಮೇಲೆ ತೀವ್ರ ಕಾಯಿಲೆಯಿಂದ ಹೆಚ್ಚುಕಡಿಮೆ ಪೂರ್ಣ ರಕ್ಷಣೆ ಸಿಕ್ಕಿತ್ತು. ವೆಲ್ಲೂರಿನ ಮಕ್ಕಳಿಗೆ ಮೂರು ಸೋಂಕಿನ ನಂತರವೂ ರಕ್ಷಣೆ ಶೇ 79. ಇಲ್ಲಿ ಸೋಂಕು ತೀರ ಎಳೆಯ ವಯಸ್ಸಿನಲ್ಲಿ, ಮತ್ತೆ ಮತ್ತೆ ಬರುತ್ತದೆ. ನಿಜವಾದ ಕಾಯಿಲೆಯೇ ಪೂರ್ಣ ರಕ್ಷಣೆ ಕೊಡದ ಕಡೆ ಲಸಿಕೆಯಿಂದ ಅದನ್ನು ನಿರೀಕ್ಷಿಸುವುದು ಸಲ್ಲದು. 2013ರಲ್ಲಿ ಭಾರತದಲ್ಲಿ ಈ ವೈರಾಣುವಿನಿಂದ ಸತ್ತ ಮಕ್ಕಳು ಅಂದಾಜು 47 ಸಾವಿರ. ಅದರಲ್ಲಿ ಅರ್ಧದಷ್ಟು ತಡೆದರೂ ಅದು ದೊಡ್ಡ ಮಾತು. ಕೈಯಲ್ಲಿರುವ ಸಾಧಾರಣ ಲಸಿಕೆಯನ್ನು ಬದಿಗಿಟ್ಟು ಮುಂದೊಂದು ದಿನ ಬರುವ ಉತ್ತಮ ಲಸಿಕೆಗೆ ಕಾಯುವ ಹಕ್ಕು ನಮಗಿರಲಿಲ್ಲ.

ರೋಟಾವ್ಯಾಕ್ ಎಂಬ ಹೆಸರಿನಲ್ಲಿ 2015ರ ಮಾರ್ಚ್‌ನಲ್ಲಿ ಅದು ಬಿಡುಗಡೆಯಾಯಿತು. 2016ರ ಮಾರ್ಚ್‌ನಲ್ಲಿ ಒಡಿಶಾ, ಹಿಮಾಚಲ ಪ್ರದೇಶ, ಹರಿಯಾಣ, ಆಂಧ್ರಪ್ರದೇಶದ ಸರ್ಕಾರಿ ಲಸಿಕಾ ಪಟ್ಟಿಗೆ ಸೇರಿತು. 2018ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆಯಿತು. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ ರೋಟಾಸಿಲ್‌ಗೂ ಮಾನ್ಯತೆ ಸಿಕ್ಕಿತು. 2019ರಲ್ಲಿ ಕರ್ನಾಟಕವೂ ಸೇರಿ ದೇಶದ ಉಳಿದ ರಾಜ್ಯಗಳಿಗೆಲ್ಲ ಲಸಿಕೆ ತಲುಪಿತು. ರೋಟಾಶೀಲ್ಡ್‌ನ ನೆನಪಿನಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯದ ಮೇಲೆ ಹಲವು ರಾಜ್ಯಗಳ ಆಸ್ಪತ್ರೆಗಳು ಕಣ್ಣಿಟ್ಟವು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ರೋಟಾವ್ಯಾಕ್‌ನಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಅದೇ ವರ್ಷ ಜನವರಿ 26ರಂದು ಭಾನ್ ತೀರಿಕೊಂಡರು. ಹೆಸರಿಲ್ಲದ ಒಂದು ಶಿಶುವಿನ ಮಲದ ಮಾದರಿಯಿಂದ ದೇಶದ ಲಸಿಕೆಯವರೆಗೆ ಮೂವತ್ತು ವರ್ಷ ಈ ಒಂದೇ ಎಳೆಯನ್ನು ಅವರು ಕೈಬಿಟ್ಟಿರಲಿಲ್ಲ.

ಓದುಗರ ಮನೆಯಲ್ಲಿ ಎಳೆಯ ಕೂಸಿದ್ದರೆ ಒಂದು ಮಾತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬಾಯಿಗೆ ಹಾಕುವ ಈ ಹನಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತಪ್ಪಿಸಬೇಡಿ. ಲಸಿಕೆ ಹಾಕಿಸಿದರೂ ಭೇದಿ ಬರಬಹುದು, ಬೇರೆ ವೈರಾಣುಗಳೂ ಇವೆ. ಬಂದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಕಾಯಿಸಿ ಆರಿಸಿದ ನೀರಿಗೆ ಬೆರೆಸಿ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ, ಗಂಜಿ ತಿನ್ನುವ ಮಗುವಿಗೆ ಗಂಜಿ ಕೊಡಿ. ಆಶಾ ಕಾರ್ಯಕರ್ತೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಹದಿನಾಲ್ಕು ದಿನ ಪೂರ್ತಿ ಮಾಡಿ. ವೈರಾಣುವಿನ ಭೇದಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಭೇದಿ ಕಟ್ಟುವ ಮಾತ್ರೆ ಎಳೆಯ ಮಕ್ಕಳಿಗೆ ಅಪಾಯ. ಅಂಗಡಿಯಲ್ಲಿ ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದ ಸಿಹಿ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದೆ. ಅವುಗಳ ಹೆಚ್ಚಿನ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪೊಟ್ಟಣವನ್ನೇ ಕೇಳಿ ತನ್ನಿ. ಮಗು ಮಂಕಾದರೆ, ಕುಡಿದದ್ದೆಲ್ಲ ಕಕ್ಕಿದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.